ಫಿಶಿ: ನಮ್ಮ ಮೀನು ಸಾರಿಗೆ ಹಾಕಬಾರದ ಇಂಗ್ಲಿಷ್ ಪದ

ಹೋದ ವಾರ ನಾವು ಪಿಎಸ್‌ಸಿಗೆ (ಸರಕಾರಿ ಕೆಲಸದ ಪರೀಕ್ಷೆಗೆ) ಓದುವವರು ನಾಲ್ಕೈದು ಜನ ಕೂತು ಇಂಗ್ಲಿಷ್ ಪ್ರಾಕ್ಟೀಸ್ ಮಾಡ್ತಾ ಇದ್ವಿ, ಒಬ್ಬಳು ‘ಮೈ ಮದರ್ ಮೇಕ್ಸ್ ವೆರಿ ಗುಡ್ ಫಿಶಿ ಕರಿ’ ಅಂದ್ಳು, ತಪ್ಪು ಅಂತ ಯಾರಿಗೂ ಅನ್ನಿಸ್ಲೇ ಇಲ್ಲ. ಸಾಲ್ಟ್‌ಗೆ ಸಾಲ್ಟಿ, ಸ್ಪೈಸ್‌ಗೆ ಸ್ಪೈಸಿ, ಹಾಗಾದ್ರೆ ಫಿಶ್‌ಗೆ ಫಿಶಿ, ಲೆಕ್ಕ ಸರಿಯೇ ಉಂಟಲ್ಲ. ರಾತ್ರಿ ಡಿಕ್ಷನರಿ ತೆಗ್ದು ನೋಡಿದ್ರೆ ಪಾಪ, ಅವಳ ಅಮ್ಮನ ಸಾರು ನಾತ ಹೊಡೀತದೆ ಅಂತ ಅವಳೇ ಹೇಳಿದ ಹಾಗೆ ಆಗಿತ್ತು! ಮೀನು ಹಾಕಿದ ಸಾರು ಅಂದ್ರೆ ‘ಫಿಶ್ ಕರಿ’ ಅಷ್ಟೇ, ಅಲ್ಲಿ ಫಿಶ್ ಅನ್ನೋ ನಾಮಪದವೇ ಸಾಕು. ಫಿಶಿ ಅಂದ ಕೂಡ್ಲೇ ಅದು ದೂರು.

ಮೊದಲನೇ ಅರ್ಥ ನೇರ, ಮೀನಿನ ವಾಸನೆ ಅಥವಾ ರುಚಿ ಇರುವಂಥದ್ದು. ಇಲ್ಲೂ ಹೊಗಳಿಕೆ ಇಲ್ಲ ಅನ್ನೋದೇ ನಮ್ಮ ಮೂಗಿಗೆ ಕಷ್ಟ, ಯಾಕಂದ್ರೆ ಸಂಜೆ ನಮ್ಮ ಕಾಸರಗೋಡಿನ ಕುಂಬಳೆ ಕಡೆಯ ಬಸ್ಸಲ್ಲಿ ಯಾರದ್ದೋ ಚೀಲದಿಂದ ಬಂಗುಡೆ ವಾಸನೆ ಬಂದ್ರೆ ನಮಗೆ ನೆನಪಾಗೋದು ಮನೆಯ ಊಟ. ಆದ್ರೆ ಇಂಗ್ಲಿಷಿನವರ ಲೆಕ್ಕದಲ್ಲಿ ಒಂದು ಪಾಯಿಂಟ್ ಉಂಟು. ಸಮುದ್ರದ ಮೀನಿನ ಮಾಂಸದಲ್ಲಿ ಟ್ರೈಮಿಥೈಲಮೈನ್ ಆಕ್ಸೈಡ್ ಅಂತ ಇರ್ತದೆ, ಅದಕ್ಕೆ ವಾಸನೆ ಇಲ್ಲ, ಮೀನು ಸತ್ತ ಮೇಲೆ ಬ್ಯಾಕ್ಟೀರಿಯಾ ಅದನ್ನು ಟ್ರೈಮಿಥೈಲಮೈನ್ ಮಾಡ್ತವೆ, ಆ ನಾತ ಇದರದ್ದು. ಹುಣಸೆ ಹುಳಿಯೋ ಲಿಂಬೆಯೋ ಬಿದ್ರೆ ಆ್ಯಸಿಡ್ ಅದನ್ನು ಕಟ್ಟಿ ಹಾಕ್ತದೆ, ವಾಸನೆ ಮೇಲೆ ಏಳುವುದಿಲ್ಲ, ಅಜ್ಜಿಯಂದಿರಿಗೆ ಹೆಸರು ಗೊತ್ತಿಲ್ಲದೆ ವಿಷಯ ಗೊತ್ತಿತ್ತು. ಹಾಗಾಗಿ ಜಾಸ್ತಿ ಫಿಶಿ ಅಂದ್ರೆ ಹೆಚ್ಚಾಗಿ ಹಳೇ ಮೀನು. ‘ದಿಸ್ ಫಿಶ್ ಡಸಂಟ್ ಟೇಸ್ಟ್ ಫಿಶಿ’ ಅಂತ ಯಾರಾದ್ರೂ ಹೇಳಿದ್ರೆ ಕೇಳ್ಲಿಕ್ಕೆ ಹುಚ್ಚು ಮಾತಿನ ಹಾಗೆ ಉಂಟು, ಆದ್ರೆ ಅದು ಮೀನು ಫ್ರೆಶ್ ಉಂಟು ಅನ್ನೋ ಹೊಗಳಿಕೆ.

ಎರಡನೇ ಅರ್ಥ ಇನ್‌ಫಾರ್ಮಲ್, ಜನ ಜಾಸ್ತಿ ಬಳಸೋದು ಇದನ್ನೇ, 1840ರ ಹೊತ್ತಿಂದ ಇಂಗ್ಲಿಷಲ್ಲಿ ಕಾಣ್ತದೆ: ಏನೋ ಸರಿ ಇಲ್ಲ, ಸಂಶಯ ಬರ್ತದೆ. ವಾಟ್ಸಾಪಲ್ಲಿ ಒಂದು ಮೆಸೇಜ್ ಬರ್ತದೆ ನೋಡಿ, ಗಲ್ಫಲ್ಲಿ ಕೆಲಸ, ಇಂಟರ್‌ವ್ಯೂ ಬೇಡ, ವೀಸಾಕ್ಕೆ ಮಾತ್ರ ಮೊದ್ಲೇ 20,000 ಹಾಕಿ ಅಂತ. ಆಗ ‘ದಿಸ್ ಆಫರ್ ಸೌಂಡ್ಸ್ ಫಿಶಿ’. ಮೋಸ ಅಂತ ಪ್ರೂವ್ ಆಗಿಲ್ಲ, ಮೂಗಿಗೆ ಬಡಿದದ್ದು ಮಾತ್ರ. ಪ್ರೂವ್ ಆದ ಮೇಲೆ ಫಿಶಿ ಸಾಲದು, ಆಗ ಫ್ರಾಡ್, ಫೇಕ್ ಅಂತಲೇ ಹೇಳ್ಬೇಕು. ನಮಗೆ ಇದಕ್ಕೆ ಸರಿಯಾದ ಜೋಡಿ ಮಲಯಾಳದಲ್ಲಿ ಉಂಟು, ‘ಎಂದೋ ಪಂದಿಕೇಡ್’ ಅಂತ ಅಂಗಡಿಯಲ್ಲಿ, ಬಸ್ಸಲ್ಲಿ ದಿನಾ ಕೇಳ್ತೇವೆ. ಕನ್ನಡದಲ್ಲಾದ್ರೆ ‘ಎಂತದೋ ಉಂಟು ಮಾರಾಯ, ನಂಗೆ ಸರಿ ಕಾಣುದಿಲ್ಲ’.

ಈಗ ವಾಕ್ಯದಲ್ಲಿ ಎಲ್ಲಿ ಕೂರಿಸೋದು. ಸಂಥಿಂಗ್, ನಥಿಂಗ್, ಎನಿಥಿಂಗ್ ಇದ್ರೆ ಇದು ಅದರ ಹಿಂದೆ ಬರ್ತದೆ, ‘ದೇರ್ ಈಸ್ ಸಂಥಿಂಗ್ ಫಿಶಿ ಅಬೌಟ್ ದಿಸ್ ಬಿಲ್’, ಕನ್ನಡದ ರೂಢಿಯಲ್ಲಿ ‘ಫಿಶಿ ಸಂಥಿಂಗ್’ ಅಂತ ಬರೀಬೇಡಿ. ಲುಕ್ಸ್, ಸ್ಮೆಲ್ಸ್, ಸೌಂಡ್ಸ್ ಆದ ಮೇಲೂ ಫಿಶಿಯೇ, ‘ಫಿಶಿಲಿ’ ಅಲ್ಲ. ನಾಮಪದದ ಮೊದ್ಲು ‘ಎ ಫಿಶಿ ಸ್ಟೋರಿ’. ಫಿಶಿಯರ್, ಫಿಶಿಯೆಸ್ಟ್ ಅಂತ ಬರೆಯುವಾಗ ಕೊನೆಯ ವೈ ಹೋಗಿ ಐ ಆಗ್ತದೆ.

ನಾನು ತುಂಬಾ ಸಲ ಮುಗ್ಗರಿಸಿದ್ದು ಸಸ್ಪಿಶಸ್ ಜೊತೆ. ಸಸ್ಪಿಶಸ್ ಎರಡು ಕಡೆಗೂ ಹೋಗ್ತದೆ, ‘ಹಿ ಲುಕ್ಸ್ ಸಸ್ಪಿಶಸ್’ ಅಂದ್ರೆ ಅವನ ಮೇಲೆ ಸಂಶಯ ಬರ್ತದೆ ಅಂತಲೂ ಆಗ್ಬಹುದು, ಅವನೇ ಸಂಶಯದಿಂದ ನೋಡ್ತಾ ಇದ್ದಾನೆ ಅಂತಲೂ ಆಗ್ಬಹುದು. ಫಿಶಿ ಹಾಗಲ್ಲ, ಸಂಶಯ ಹುಟ್ಟಿಸುವ ವಿಷಯಕ್ಕೆ ಮಾತ್ರ. ‘ಐ ಆ್ಯಮ್ ಫಿಶಿ ಅಬೌಟ್ ಹಿಮ್’ ಅಂದ್ರೆ ನಿಮಗೆ ಅವನ ಮೇಲೆ ಡೌಟ್ ಅಂತ ಆಗೋದೇ ಇಲ್ಲ, ನೀವೇ ಮೀನಿನ ವಾಸನೆ ಬರ್ತಾ ಕೂತ ಹಾಗೆ ಆಗ್ತದೆ. ಅಲ್ಲಿ ‘ಐ ಆ್ಯಮ್ ಸಸ್ಪಿಶಸ್ ಆಫ್ ಹಿಮ್’. ಬ್ಯಾಂಕಿಗೆ, ಪೊಲೀಸಿಗೆ ಅರ್ಜಿ ಬರೆಯುವಾಗಲೂ ಸಸ್ಪಿಶಸ್ ಟ್ರಾನ್ಸಾಕ್ಷನ್ ಅಂತ ಬರೀರಿ, ಫಿಶಿ ಗೆಳೆಯರ ಮಾತಿಗೆ ಇರ್ಲಿ.

ಇನ್ನೊಂದು ತಮಾಷೆ ಸಿಕ್ಕಿತು. ಲೀ ಮತ್ತು ಶ್ವಾರ್ಜ್ ಅನ್ನೋ ಇಬ್ಬರು ಮನಶ್ಶಾಸ್ತ್ರಜ್ಞರು 2012ರಲ್ಲಿ ಒಂದು ಸ್ಟಡಿ ಪ್ರಕಟಿಸಿದ್ರು, ಮೀನೆಣ್ಣೆ ವಾಸನೆ ಇರುವ ಜಾಗದಲ್ಲಿ ದುಡ್ಡಿನ ನಂಬಿಕೆಯ ಆಟ ಆಡಿಸಿದ್ರೆ ಜನ ಎದುರಿನವರ ಹತ್ರ ಕಮ್ಮಿ ಹಣ ಇಟ್ರಂತೆ. ಅದು ಅಮೆರಿಕದ ಸ್ಟೂಡೆಂಟ್‌ಗಳ ಕಥೆ. ನಮ್ಮ ಮೀನು ಮಾರ್ಕೆಟಲ್ಲಿ ಚಿಲ್ಲರೆ ಇಲ್ಲ ಅಂದ್ರೆ ‘ನಾಳೆ ಕೊಡಿ’ ಅಂತಾರೆ, ಇಲ್ಲಿ ಆಡಿಸಿದ್ರೆ ಎಂತ ಆಗ್ತಿತ್ತೋ ಅಂತ ನಂಗೆ ಕುತೂಹಲ.

ಕಿವಿಗೆ ಮೋಸ ಮಾಡೋದು ಇನ್ನೊಂದುಂಟು, ಫಿಶಿಂಗ್ ಇಮೇಲ್. ಅದು 1990ರ ದಶಕದಲ್ಲಿ ಬಂದ ಬೇರೆಯೇ ಪದ, ಸ್ಪೆಲ್ಲಿಂಗ್ ಪಿ ಎಚ್‌ನಿಂದ ಶುರು, ಗಾಳ ಹಾಕಿ ಪಾಸ್‌ವರ್ಡ್ ಹಿಡಿಯುವ ಕಳ್ಳರ ಕೆಲಸದ ಹೆಸರು. ಫಿಶಿ ಇಮೇಲ್ ಅಂದ್ರೆ ಡೌಟ್ ಬರುವ ಇಮೇಲ್, ಸ್ಪೆಲ್ಲಿಂಗ್ ಎಫ್‌ನಿಂದ. ಲಿಂಕ್ ಒತ್ತಿ ದುಡ್ಡು ಹೋಗಿದ್ರೆ ಎಫ್ಫೋ ಪಿ ಎಚ್ಚೋ ಅಂತ ನೋಡ್ತಾ ಕೂರಬೇಡಿ, ಮೊದ್ಲು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.