ಲೌರಿ ಬರೆದ ಜನ ಯಾಕೆ ಅಷ್ಟು ಸಣಕಲು?

ಪ್ರಶ್ನೆ: ಇಂಗ್ಲೆಂಡಿನ ಎಲ್. ಎಸ್. ಲೌರಿ ದೊಡ್ಡ ಕಲಾವಿದ ಅಂತಾರೆ. ಆದರೆ ಫುಟ್‌ಬಾಲ್ ನೋಡಲು ಹೊರಟವರ ಚಿತ್ರದಲ್ಲಿ ಎಲ್ಲರೂ ಕಡ್ಡಿಗಳ ಹಾಗಿದ್ದಾರೆ. ಅವರಿಗೆ ಮನುಷ್ಯರನ್ನು ಬಿಡಿಸಲು ಬರ್ತಿರಲಿಲ್ವಾ?

ಉತ್ತರ: ಚೆನ್ನಾಗಿಯೇ ಬರುತ್ತಿತ್ತು. ಮ್ಯಾಂಚೆಸ್ಟರ್ ಮತ್ತು ಸಾಲ್ಫರ್ಡ್‌ನ ಕಲಾಶಾಲೆಗಳ ಸಂಜೆ ತರಗತಿಗಳಲ್ಲಿ ಅವರು ವರ್ಷಗಟ್ಟಲೆ ಕಲಿತವರು. 1925ರಲ್ಲಿ ಬರೆದ ತಮ್ಮದೇ ಮುಖದ ಚಿತ್ರ ನೋಡಿ, ಅನುಮಾನ ಅಲ್ಲೇ ಹೋಗುತ್ತದೆ. ಕಡ್ಡಿ ಜನರನ್ನು ಅವರು ಬೇಕೆಂದೇ ಬರೆದರು.

ನೀವು ಕೇಳುತ್ತಿರುವುದು 1953ರ ‘ಗೋಯಿಂಗ್ ಟು ದ ಮ್ಯಾಚ್’ ಬಗ್ಗೆ ಇರಬೇಕು. ಜಾಗ ಬೋಲ್ಟನ್ ವಾಂಡರರ್ಸ್ ತಂಡದ ಅಂದಿನ ಮೈದಾನ ಬರ್ನ್‌ಡೆನ್ ಪಾರ್ಕ್. ಅದರಲ್ಲಿ ಆಟವೇ ಕಾಣುವುದಿಲ್ಲ. ಕಾಣುವುದು ನಾಲ್ಕೂ ಕಡೆಯಿಂದ ಮೈದಾನಕ್ಕೆ ಹರಿದು ಬರುವ ಜನ, ಹಿಂದೆ ಕಾರ್ಖಾನೆಯ ಚಿಮಣಿಗಳು. ಯಾರ ಮುಖವೂ ಸ್ಪಷ್ಟವಿಲ್ಲ. ಆದರೆ ಮೈ ಮುಂದಕ್ಕೆ ಬಾಗಿದೆ, ಕಾಲು ಬೀಸುತ್ತಿವೆ. ಮುಖಗಳನ್ನು ತಿದ್ದಿ ಬರೆದಿದ್ದರೆ ನಮ್ಮ ಕಣ್ಣು ಒಬ್ಬೊಬ್ಬರ ಮೇಲೂ ನಿಂತುಬಿಡುತ್ತಿತ್ತು. ಗುಂಪಿನ ಆ ಅವಸರ ಸಿಗುತ್ತಿರಲಿಲ್ಲ.

ಇದರಲ್ಲಿ ಬಣ್ಣದ ಪಾಲೂ ಇದೆ. ಲೌರಿ ಬಳಸುತ್ತಿದ್ದದ್ದು ಐದೇ ಬಣ್ಣ: ಕಪ್ಪು, ಬಿಳಿ, ಕೆಂಪು, ನೀಲಿ, ಮಣ್ಣಿನ ಹಳದಿ. ಮೊದಮೊದಲು ಅವರ ಚಿತ್ರಗಳು ತುಂಬಾ ಕಪ್ಪುಕಪ್ಪಾಗಿದ್ದವು. ಬರ್ನಾರ್ಡ್ ಟೇಲರ್ ಎಂಬ ಗುರು ಅದನ್ನು ತೋರಿಸಿಕೊಟ್ಟರು. ಆಮೇಲೆ ಲೌರಿ ಹಿನ್ನೆಲೆಗೆ ದಪ್ಪಗೆ ಬಿಳಿ ಬಳಿಯತೊಡಗಿದರು. ನೆರಳು ಬರೆಯುವುದನ್ನೂ ಬಿಟ್ಟರು. ಆ ಬಿಳಿಯ ಮೇಲೆ ಕಪ್ಪು ಕೋಟಿನ ಒಂದು ಗೀಟು ಸಾಕು, ಮನುಷ್ಯ ನಡೆದು ಹೋಗುತ್ತಿರುವುದು ದೂರದಿಂದಲೇ ತಿಳಿಯುತ್ತದೆ.

ಕೂಲಿ ಜನರನ್ನು ಅವರು ಗೊಂಬೆ ಮಾಡಿಬಿಟ್ಟರು ಅನ್ನುವವರೂ ಇದ್ದಾರೆ. ನನಗೆ ಈ ಮಾತು ಒಪ್ಪಿಗೆಯಿಲ್ಲ. ಲೌರಿ ಆಸ್ತಿ ಕಂಪನಿಯೊಂದರಲ್ಲಿ ಬಾಡಿಗೆ ವಸೂಲಿಯ ಕೆಲಸದಲ್ಲಿದ್ದರು. 1952ರಲ್ಲಿ ನಿವೃತ್ತರಾಗುವವರೆಗೂ ಅದೇ ಕಂಪನಿ. ಹಗಲು ಇದೇ ಕೂಲಿ ಜನರ ಬೀದಿಗಳಲ್ಲಿ ಮನೆಮನೆ ಸುತ್ತಾಟ. ಮನೆಗೆ ಬಂದರೆ ಹಾಸಿಗೆ ಹಿಡಿದ ತಾಯಿಯ ಸೇವೆ. ತಾಯಿ ಮಲಗಿದ ಮೇಲೆ, ರಾತ್ರಿ ಚಿತ್ರ. ಇಷ್ಟು ಹತ್ತಿರದಿಂದ ಬಲ್ಲವರು ಸುಮ್ನೆ ಗೊಂಬೆ ಬರೆಯುತ್ತಾರಾ?

1930ರ ‘ಕಮಿಂಗ್ ಫ್ರಮ್ ದ ಮಿಲ್’ (ಗಿರಣಿಯಿಂದ ಬರುವುದು) ಚಿತ್ರವನ್ನು ಫುಟ್‌ಬಾಲ್ ಚಿತ್ರದ ಪಕ್ಕ ಇಟ್ಟು ನೋಡಿ. ಅಲ್ಲೂ ಇಂಥದೇ ಗುಂಪು, ಬಾಗಿದ ಬೆನ್ನು. ಆದರೆ ಅವರು ದುಡಿದು ದಣಿದವರು. ಮೈದಾನಕ್ಕೆ ಹೊರಟವರ ನಡಿಗೆಯಲ್ಲಿ ಶನಿವಾರದ ಬಿಡುವಿದೆ, ತಮ್ಮ ಇಷ್ಟದ ಕಡೆ ಹೋಗುವ ಹುರುಪಿದೆ. ಮುಖವಿಲ್ಲದೆ ಇಷ್ಟನ್ನು ತೋರಿಸುವುದು ಕಷ್ಟದ ಕೆಲಸ.

‘ಗೋಯಿಂಗ್ ಟು ದ ಮ್ಯಾಚ್’ 2022ರಲ್ಲಿ ಹರಾಜಿಗೆ ಬಂದಾಗ ಯಾವುದೋ ಶ್ರೀಮಂತರ ಮನೆ ಸೇರುವ ಭಯವಿತ್ತು. ಸಾಲ್ಫರ್ಡ್‌ನಲ್ಲಿ ಲೌರಿ ಹೆಸರಿನಲ್ಲೇ ಇರುವ ಕಲಾಕೇಂದ್ರ ದಾನಿಗಳ ನೆರವಿನಿಂದ ಸುಮಾರು 78 ಲಕ್ಷ ಪೌಂಡ್ ಕೊಟ್ಟು ಕೊಂಡುಕೊಂಡಿತು. ಹಾಗಾಗಿ ಆ ಊರಿನ ಜನರಿಗೆ ಅದು ಇನ್ನೂ ನೋಡಲು ಸಿಗುತ್ತದೆ.