ಎರಡು ದಿನಕ್ಕೆ ಕೊಚ್ಚಿ: ಸಿನಗಾಗ್ ಯಾವತ್ತು, ಗಾಮನ ಸಮಾಧಿ ಎಲ್ಲಿ?

ಓದುಗರ ಪ್ರಶ್ನೆ: ಶುಕ್ರವಾರ ರಾತ್ರಿ ಬೆಂಗಳೂರು ಬಿಟ್ಟು ಸೋಮವಾರ ಬೆಳಿಗ್ಗೆ ವಾಪಸ್ ಬರಬೇಕು. ಎರಡು ದಿನದಲ್ಲಿ ಕೊಚ್ಚಿ ನೋಡೋಕೆ ಆಗುತ್ತಾ? ವಾಸ್ಕೋ ಡ ಗಾಮನ ಸಮಾಧಿ ಇರುವ ಚರ್ಚನ್ನು ಮಕ್ಕಳಿಗೆ ತೋರಿಸಲೇಬೇಕು.

ಆಗುತ್ತೆ. ಆದರೆ ಶನಿವಾರ ಫೋರ್ಟ್ ಕೊಚ್ಚಿ, ಭಾನುವಾರ ಮಟ್ಟಾಂಚೇರಿ. ಈ ಕ್ರಮ ತಪ್ಪಿಸಬೇಡಿ. ಪ್ರತಿ ರಜೆಯಲ್ಲೂ ಇದನ್ನೇ ಹೇಳುತ್ತೇನೆ, ಆದರೂ ಶನಿವಾರ ಮಧ್ಯಾಹ್ನ ಮಟ್ಟಾಂಚೇರಿಯ ಸಿನಗಾಗಿನ, ಅಂದರೆ ಯಹೂದಿಗಳ ಪ್ರಾರ್ಥನಾ ಮಂದಿರದ, ಮುಚ್ಚಿದ ಬಾಗಿಲ ಮುಂದೆ ನಿಂತು ನನಗೆ ಮೆಸೇಜ್ ಹಾಕುವವರು ಕಡಿಮೆಯಾಗಿಲ್ಲ. ಶನಿವಾರ ಯಹೂದಿಗಳಿಗೆ ಸಬ್ಬತ್, ವಾರದ ವಿಶ್ರಾಂತಿಯ ದಿನ, ಅವತ್ತು ಪ್ರವಾಸಿಗರಿಗೆ ಪ್ರವೇಶವಿಲ್ಲ. ಭಾನುವಾರ ಬೆಳಿಗ್ಗೆ ನೀವು ಕೇಳಿದ ಚರ್ಚಿನಲ್ಲಿ, ಅಂದರೆ ಫೋರ್ಟ್ ಕೊಚ್ಚಿಯ ಸೇಂಟ್ ಫ್ರಾನ್ಸಿಸ್ ಚರ್ಚಿನಲ್ಲಿ, ಆರಾಧನೆ ನಡೆಯುತ್ತದೆ, ಆಗ ಸುತ್ತಾಡಿ ನೋಡುವಂತಿಲ್ಲ. ಶುಕ್ರವಾರವೂ ರಜೆ ಹಾಕಿ ಹೋಗುವವರಿಗೆ ಇನ್ನೊಂದು ಮಾತು: ಮಟ್ಟಾಂಚೇರಿ ಅರಮನೆಗೆ ಶುಕ್ರವಾರ ವಾರದ ರಜೆ.

ಎರ್ನಾಕುಲಂನಲ್ಲಿ ಇಳಿದ ಮೇಲೆ ಕ್ಯಾಬ್ ಬೇಡ. ಹೈಕೋರ್ಟ್ ಜೆಟ್ಟಿಯಿಂದ ವಾಟರ್ ಮೆಟ್ರೋ ಹತ್ತಿ. ಬಂದರಿನ ಊರಿಗೆ ನೀರಿನ ಮೇಲಿಂದಲೇ ಹೋಗಬೇಕು. ಹೆಸರಿನಲ್ಲಿ ಫೋರ್ಟ್ ಇದೆ ಅಂತ ಕೋಟೆ ಹುಡುಕಬೇಡಿ. ಪೋರ್ಚುಗೀಸರ ಕೋಟೆಯನ್ನು ಇಂಗ್ಲಿಷರು 1806ರಲ್ಲಿ ಕೆಡವಿಹಾಕಿದರು.

ಇನ್ನು ಸಮಾಧಿಯ ವಿಷಯ. ಗಾಮ ಸೇಂಟ್ ಫ್ರಾನ್ಸಿಸ್ ಚರ್ಚಿನಲ್ಲಿ ಇಲ್ಲ. ಸುಮಾರು ಐನೂರು ವರ್ಷದಿಂದ ಇಲ್ಲ. ಆದರೂ ಅಲ್ಲಿ ಕಾಣುವ ಸಮಾಧಿ ಕಲ್ಲಿನ ಪಕ್ಕ ನಿಂತು "ಇಲ್ಲೇ ಕೆಳಗೆ ಮಲಗಿದ್ದಾನೆ ನೋಡು" ಎಂದು ಮಕ್ಕಳಿಗೆ ಹೇಳುವ ಅಪ್ಪ ಅಮ್ಮಂದಿರನ್ನು ಕಂಡಾಗಲೆಲ್ಲ ನನಗೆ ಸಂಕಟವಾಗುತ್ತದೆ. ಆ ಮಗು ಶಾಲೆಗೆ ಹೋಗಿ ಅದನ್ನೇ ಹೇಳುತ್ತದೆ, ಮುಂದೆ ತನ್ನ ಮಕ್ಕಳಿಗೂ ಹೇಳುತ್ತದೆ.

ನಡೆದದ್ದು ಹೀಗೆ. ಗಾಮ ಮೂರನೆಯ ಸಲ ಭಾರತಕ್ಕೆ ಬಂದದ್ದು 1524ರ ಸೆಪ್ಟೆಂಬರಿನಲ್ಲಿ, ಪೋರ್ಚುಗಲ್ಲಿನ ವೈಸರಾಯ್ ಆಗಿ. ಮೂರೇ ತಿಂಗಳಿಗೆ ಕಾಯಿಲೆ ಬಿದ್ದು, ಡಿಸೆಂಬರ್ 24ರಂದು, ಕ್ರಿಸ್ಮಸ್ ಹಿಂದಿನ ದಿನ, ಕೊಚ್ಚಿಯಲ್ಲಿ ತೀರಿಕೊಂಡ. ಇದೇ ಚರ್ಚಿನಲ್ಲಿ ಹೂತದ್ದು ನಿಜ. ಆದರೆ ಸುಮಾರು 14 ವರ್ಷದ ನಂತರ ಅಸ್ಥಿಯನ್ನು ತೆಗೆದು ಹಡಗಿನಲ್ಲಿ ಪೋರ್ಚುಗಲ್ಲಿಗೆ ಸಾಗಿಸಿದರು. ಅಲ್ಲಿ ಅವನ ಜಹಗೀರಾಗಿದ್ದ ವಿದಿಗೈರಾದಲ್ಲಿ ಮತ್ತೆ ಮಣ್ಣು ಮಾಡಿದರು. 19ನೇ ಶತಮಾನದ ಕೊನೆಯಲ್ಲಿ ಲಿಸ್ಬನ್ನಿನ ಜೆರೊನಿಮೋಸ್ ಮಠಕ್ಕೆ ತಂದರು. ಈಗಲೂ ಅಲ್ಲೇ ಇದ್ದಾನೆ, ಕಲ್ಲಿನ ಪೆಟ್ಟಿಗೆಯಲ್ಲಿ.

ಹಾಗಾದರೆ ಕೊಚ್ಚಿಯಲ್ಲಿ ಕಾಣುವುದೇನು? ನೆಲದ ಮೇಲೊಂದು ಕಲ್ಲು, ಸುತ್ತ ಕಂಬಿ. ಈ ಕಂಬಿಯೇ ಜನರನ್ನು ನಂಬಿಸುವುದು. ಬೇಲಿ ಹಾಕಿದ್ದಾರೆ ಅಂದಮೇಲೆ ಒಳಗೆ ಏನೋ ಇರಲೇಬೇಕು ಅನಿಸುತ್ತದೆ. ಇರುವುದು ಗುರುತು ಮಾತ್ರ.

ಇದಕ್ಕೆ ಅಂಟಿಕೊಂಡೇ ಬರುವ ಇನ್ನೊಂದು ತಪ್ಪು, ಗಾಮ ಭಾರತದಲ್ಲಿ ಮೊದಲು ಇಳಿದದ್ದು ಕೊಚ್ಚಿಯಲ್ಲಿ ಅನ್ನುವುದು. ಅಲ್ಲ. 1498ರಲ್ಲಿ ಅವನು ಬಂದದ್ದು ಕೋಳಿಕ್ಕೋಡಿಗೆ. ವಾಪಸ್ ಹೋಗುವಾಗ ಹಡಗು ರಿಪೇರಿಗೆ ನಿಂತದ್ದು ನಮ್ಮ ಕಾರವಾರದ ಎದುರಿನ ಅಂಜದೀವ ದ್ವೀಪದಲ್ಲಿ. ಕೊಚ್ಚಿಗೆ ಮೊದಲು ಬಂದ ಪೋರ್ಚುಗೀಸ್ ನಾಯಕ ಕಬ್ರಾಲ್, 1500ರ ಡಿಸೆಂಬರಿನಲ್ಲಿ.

ಚರ್ಚಿಗೆ ಹೋಗಬೇಡಿ ಅಂತ ನಾನು ಹೇಳುತ್ತಿಲ್ಲ. ಖಂಡಿತ ಹೋಗಿ, ಕಟ್ಟಡಕ್ಕೋಸ್ಕರ ಹೋಗಿ. ಪೋರ್ಚುಗೀಸರು ಕಟ್ಟಿದ ಕ್ಯಾಥೊಲಿಕ್ ಚರ್ಚು 1663ರಲ್ಲಿ ಡಚ್ಚರ ಕೈಗೆ ಬಂದು ಪ್ರೊಟೆಸ್ಟಂಟ್ ಆಯಿತು, 1795ರಲ್ಲಿ ಇಂಗ್ಲಿಷರ ಪಾಲಾಯಿತು, ಈಗ ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಚರ್ಚು. ನೆಲದಲ್ಲಿದ್ದ ಹಳೆಯ ಸಮಾಧಿ ಕಲ್ಲುಗಳನ್ನು ಎಬ್ಬಿಸಿ ಗೋಡೆಗೆ ನಿಲ್ಲಿಸಿದ್ದಾರೆ: ಒಂದು ಕಡೆ ಪೋರ್ಚುಗೀಸರದು, ಎದುರಿಗೆ ಡಚ್ಚರದು. ತಲೆ ಎತ್ತಿದರೆ ಹಗ್ಗ ಜಗ್ಗಿ ಬೀಸುತ್ತಿದ್ದ ಉದ್ದನೆಯ ಬಟ್ಟೆಯ ಪಂಖಾಗಳು. ಮಕ್ಕಳಿಗೆ ತೋರಿಸಬೇಕಾದ್ದು ಇವು.

ಸಂಜೆ ಮೀನು ಹಿಡಿಯುವ ಚೀನಾ ಬಲೆಗಳ ಹತ್ತಿರ ಫೋಟೋ ತೆಗೆದು ಓಡಿಬರಬೇಡಿ, ಹತ್ತು ನಿಮಿಷ ನಿಂತು ನೋಡಿ. ಬಲೆಯ ಹಿಂದೆ ಹಗ್ಗಗಳಲ್ಲಿ ದೊಡ್ಡ ದೊಡ್ಡ ಕಲ್ಲು ತೂಗುಬಿಟ್ಟಿರುತ್ತಾರೆ. ಅವುಗಳ ಭಾರಕ್ಕೆ ಬಲೆಯ ಭಾರ ಸರಿತೂಗುವುದರಿಂದಲೇ ನಾಲ್ಕಾರು ಜನ ಹಗ್ಗ ಹಿಡಿದು ಅಷ್ಟು ದೊಡ್ಡ ಬಲೆಯನ್ನು ನೀರಿನಿಂದ ಎತ್ತಬಲ್ಲರು.

ಭಾನುವಾರ ಮಟ್ಟಾಂಚೇರಿ ಅರಮನೆಯಲ್ಲಿ ರಾಮಾಯಣದ ಭಿತ್ತಿಚಿತ್ರಗಳಿಗೆ ಹೊತ್ತು ಕೊಡಿ. ಎಲ್ಲರೂ ಅದನ್ನು ಡಚ್ ಅರಮನೆ ಅನ್ನುತ್ತಾರೆ. ಕಟ್ಟಿ ರಾಜನಿಗೆ ಕೊಟ್ಟವರು ಪೋರ್ಚುಗೀಸರು, ಡಚ್ಚರು ರಿಪೇರಿ ಮಾಡಿಸಿದರು. ಪಕ್ಕದ ಸಿನಗಾಗ್ 1568ರದ್ದು. ಚಪ್ಪಲಿ ಬಿಟ್ಟು ಒಳಗೆ ಹೋಗಿ, ನೆಲದ ಚೀನೀ ಹಂಚುಗಳನ್ನು ಬಗ್ಗಿ ನೋಡಿ. ನೀಲಿ ಚಿತ್ತಾರವೆಲ್ಲ ಕೈಯಲ್ಲಿ ಬರೆದದ್ದು.

ಯಾರೂ ಕೇಳದ ಒಂದು ಪ್ರಶ್ನೆಗೂ ಉತ್ತರ ಹೇಳಿಬಿಡುತ್ತೇನೆ. ಮಟ್ಟಾಂಚೇರಿಯ ಚೆರ್ಲಾಯಿ ಬೀದಿಗಳಲ್ಲಿ ಕೊಂಕಣಿ ಯಾಕೆ ಕೇಳಿಸುತ್ತದೆ? 16ನೇ ಶತಮಾನದಲ್ಲಿ ಪೋರ್ಚುಗೀಸರ ಕಿರುಕುಳ ತಾಳಲಾರದೆ ಗೋವಾ ಬಿಟ್ಟ ಗೌಡ ಸಾರಸ್ವತರಲ್ಲಿ ಕೆಲವರು ನಮ್ಮ ಕರಾವಳಿಯಲ್ಲಿ ನಿಂತರು, ಕೆಲವರು ಕೊಚ್ಚಿ ರಾಜನ ಆಶ್ರಯಕ್ಕೆ ಬಂದರು. ಅಲ್ಲಿನ ತಿರುಮಲ ದೇವಸ್ಥಾನ ಅವರದೇ. ಡಚ್ ಗವರ್ನರ್ ವಾನ್ ರೀಡ್ ಮಲಬಾರಿನ ಗಿಡಮೂಲಿಕೆಗಳ ಮೇಲೆ 12 ಸಂಪುಟಗಳ ಹೊರ್ಟಸ್ ಮಲಬಾರಿಕಸ್ ಮಾಡಿಸಿದಾಗ ಇಲ್ಲಿನ ಮೂವರು ಕೊಂಕಣಿ ವೈದ್ಯರು, ರಂಗ ಭಟ್ಟ, ವಿನಾಯಕ ಪಂಡಿತ, ಅಪ್ಪು ಭಟ್ಟ, ಮಲಯಾಳಿ ವೈದ್ಯ ಇಟ್ಟಿ ಅಚ್ಯುತನ್ ಜೊತೆಗೆ ಕೆಲಸ ಮಾಡಿದರು. 1675ರಲ್ಲಿ ಆ ಮೂವರು ಬರೆದುಕೊಟ್ಟ ಕೊಂಕಣಿ ಹೇಳಿಕೆ, 1678ರಲ್ಲಿ ಆಮ್‌ಸ್ಟರ್ಡ್ಯಾಮಿನಲ್ಲಿ ಹೊರಬಂದ ಮೊದಲ ಸಂಪುಟದಲ್ಲಿ ನಾಗರಿ ಲಿಪಿಯಲ್ಲೇ ಅಚ್ಚಾಗಿದೆ.

ಮಂಗಳೂರು, ಕಾರ್ಕಳ, ಕುಮಟಾ ಕಡೆಯ ಕೊಂಕಣಿ ಮನೆಯವರಾದರೆ ಭಾನುವಾರ ಸಂಜೆ ಬಸ್ಸಿಗೆ ಮುಂಚೆ ಚೆರ್ಲಾಯಿಗೆ ಒಂದು ಗಂಟೆ ಇಟ್ಟುಕೊಳ್ಳಿ, ದಾರಿಯನ್ನು ಕೊಂಕಣಿಯಲ್ಲೇ ಕೇಳಿ.