27 ಡಿಗ್ರಿ 54 ಆದರೆ ಒತ್ತಡ ಯಾಕೆ ಡಬಲ್ ಆಗುವುದಿಲ್ಲ?

ಬದಿಯಡ್ಕ ಕಡೆಯ ಹೈಸ್ಕೂಲು ಹುಡುಗಿಯೊಬ್ಬಳ ಪ್ರಶ್ನೆ: "ಟೀಚರ್, ಮುಚ್ಚಿದ ಸಿಲಿಂಡರಿನಲ್ಲಿ 27 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒತ್ತಡ 2 ಅಟ್ಮಾಸ್ಫಿಯರ್. 54 ಡಿಗ್ರಿಗೆ ಬಿಸಿ ಮಾಡಿದರೆ ಎಷ್ಟು? ನಾನು 4 ಅಂತ ಬರೆದೆ, ತಪ್ಪು ಹಾಕಿದ್ದಾರೆ. ಉಷ್ಣತೆ ಡಬಲ್ ಆದರೆ ಒತ್ತಡವೂ ಡಬಲ್ ಅಲ್ವಾ?"

ನಿಯಮ ನಿನಗೆ ಸರಿಯಾಗಿಯೇ ಗೊತ್ತಿದೆ ಮಗಾ. ಆದರೆ ಅಲ್ಲಿ ಉಷ್ಣತೆ ಡಬಲ್ ಆಗಲೇ ಇಲ್ಲ.

ನಿಮ್ಮ ಟೆರೇಸಿನ ಮೇಲೆ ನಿಂತು ತೋಟ ನೋಡು. ಒಂದು ಅಡಿಕೆ ಮರ ಟೆರೇಸಿಗಿಂತ 1 ಮೀಟರು ಮೇಲೆ ಕಾಣುತ್ತದೆ, ಪಕ್ಕದ್ದು 2 ಮೀಟರು. ಹಾಗಂತ ಎರಡನೆಯದು ಮೊದಲನೆಯದರ ಎರಡು ಪಟ್ಟು ಎತ್ತರ ಅನ್ನುತ್ತೀಯಾ? ಇಲ್ಲ, ಬುಡದಿಂದ ಅಳೆಯಬೇಕು. ಸೆಲ್ಸಿಯಸ್‌ನ ಸೊನ್ನೆ ಟೆರೇಸಿನ ಹಾಗೆ. ನೀರು ಮಂಜುಗಡ್ಡೆಯಾಗುವ ಜಾಗ ಅಷ್ಟೇ, ಅಲ್ಲಿಯೂ ಅನಿಲದ ಕಣಗಳು ಜೋರಾಗಿಯೇ ಓಡಾಡುತ್ತಿರುತ್ತವೆ. ಉಷ್ಣತೆಯ ಬುಡ ಇರುವುದು ಮೈನಸ್ 273 ಡಿಗ್ರಿಯಲ್ಲಿ (ಸರಿಯಾಗಿ ಹೇಳಿದರೆ ಮೈನಸ್ 273.15). ಅಲ್ಲಿಂದ ಎಣಿಸುವುದೇ ಕೆಲ್ವಿನ್, ಅದನ್ನು 1848ರಲ್ಲಿ ಮುಂದಿಟ್ಟದ್ದು ವಿಲಿಯಂ ಥಾಮ್ಸನ್, ಮುಂದೆ ಲಾರ್ಡ್ ಕೆಲ್ವಿನ್ ಎಂದು ಹೆಸರಾದವರು.

ಈಗ ಲೆಕ್ಕ ನೋಡು. 27ಕ್ಕೆ 273 ಕೂಡಿಸಿದರೆ 300. 54ಕ್ಕೆ ಕೂಡಿಸಿದರೆ 327. ಸಿಲಿಂಡರಿನ ಗಾತ್ರ ಬದಲಾಗುವುದಿಲ್ಲ, ಹಾಗಾಗಿ ಒತ್ತಡ 2 × 327 ÷ 300, ಅಂದರೆ 2.18 ಅಟ್ಮಾಸ್ಫಿಯರ್. ನೂರಕ್ಕೆ 9ರಷ್ಟು ಮಾತ್ರ ಜಾಸ್ತಿ. ನಿಜವಾಗಿ 4 ಆಗಬೇಕಾದರೆ 600 ಕೆಲ್ವಿನ್, ಅಂದರೆ 327 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಬೇಕು!

ನಾನು ಹೇಳಿದೆ ಅಂತ ಸುಮ್ನೆ ನಂಬಬೇಡ. ಖಾಲಿ ನೀರಿನ ಬಾಟಲಿಯ ಮುಚ್ಚಳ ಬಿಗಿಯಾಗಿ ತಿರುಗಿಸಿ ಫ್ರಿಜ್ಜಿನಲ್ಲಿ ಒಂದು ಗಂಟೆ ಇಡು, ತೆಳು ಪ್ಲಾಸ್ಟಿಕ್ಕಿನದ್ದಾದರೆ ಒಳ್ಳೆಯದು. ತೆಗೆದಾಗ ಪಕ್ಕ ಸ್ವಲ್ಪ ಒಳಗೆ ಹೋಗಿರುತ್ತದೆ. ಹೊರಗೆ 30 ಡಿಗ್ರಿ, ಒಳಗೆ 5 ಅಂತ ಇಟ್ಟುಕೋ. ಸೆಲ್ಸಿಯಸ್‌ನಲ್ಲೇ ಭಾಗಿಸಿದರೆ ಗಾಳಿ ಆರನೇ ಒಂದು ಪಾಲಿಗೆ ಇಳಿದು ಬಾಟಲಿ ಚಪ್ಪಟೆಯಾಗಿ ಬಿಡಬೇಕಿತ್ತು. ಹಾಗಾಗುವುದಿಲ್ಲ. 303 ಕೆಲ್ವಿನ್‌ನಿಂದ 278ಕ್ಕೆ ಇಳಿದರೆ ಕಡಿಮೆಯಾಗುವುದು ನೂರಕ್ಕೆ 8ರಷ್ಟು ಮಾತ್ರ. ಕೈಯಲ್ಲಿರುವ ಬಾಟಲಿ ಅದನ್ನೇ ತೋರಿಸುತ್ತದೆ.

ಗಾತ್ರಕ್ಕೆ ಈ ತಾಪತ್ರಯ ಇಲ್ಲ. ಎರಡೂ ಕಡೆ ಲೀಟರ್ ಅಥವಾ ಎರಡೂ ಕಡೆ ಮಿಲಿ ಲೀಟರ್ ಇದ್ದರೆ ಸಾಕು. (ಟ್ಯೂಷನ್ ಮಲಯಾಳದಲ್ಲಿ ಆಗುವ ನಮ್ಮ ಕಾಸರಗೋಡಿನ ಮಕ್ಕಳು ಮರ್ದಂ ಅಂದರೆ ಒತ್ತಡ, ವ್ಯಾಪ್ತಂ ಅಂದರೆ ಗಾತ್ರ ಅಂತ ಪುಸ್ತಕದ ಮೊದಲ ಪುಟದಲ್ಲೇ ಬರೆದಿಟ್ಟುಕೊಳ್ಳಿ, ಎಷ್ಟೋ ಮಕ್ಕಳಿಗೆ ಲೆಕ್ಕ ಬರುತ್ತದೆ, ಪದ ಅದಲು ಬದಲಾಗಿ ಮಾರ್ಕು ಹೋಗುತ್ತದೆ, ನೋಡಿದರೆ ಹೊಟ್ಟೆ ಉರಿಯುತ್ತದೆ.)

ಆದರೆ ಒತ್ತಡಕ್ಕೂ ಒಂದು ಟೆರೇಸು ಇದೆ. ಪೆಟ್ರೋಲ್ ಪಂಪಿನಲ್ಲಿ ಗಾಳಿ ಹಾಕುವಾಗ ಮೀಟರು ತೋರಿಸುವುದು ಹೊರಗಿನ ಗಾಳಿಗಿಂತ ಎಷ್ಟು ಜಾಸ್ತಿ ಅಂತ ಮಾತ್ರ. ಪಂಕ್ಚರಾದ ಟಯರಿಗೆ ಇಟ್ಟರೆ ಸೊನ್ನೆ ತೋರಿಸುತ್ತದೆ, ಒಳಗೆ ಗಾಳಿ ಇದ್ದೇ ಇರುತ್ತದೆ! ಹೊರಗಿನ ಆ ಗಾಳಿಯ ಒತ್ತಡ ಸುಮಾರು 14.7 ಪಿಎಸ್‌ಐ (ಪಂಪಿನ ಮೀಟರು ಒತ್ತಡ ಅಳೆಯುವ ಮಾನ). ಬೆಳಿಗ್ಗೆ 27 ಡಿಗ್ರಿಯಲ್ಲಿ ಮೀಟರು 30 ತೋರಿಸಿದರೆ ಒಳಗಿನ ಪೂರ್ತಿ ಒತ್ತಡ 44.7. ಬಿಸಿಲಲ್ಲಿ ಹೈವೇಯಲ್ಲಿ ಓಡಿ ಟಯರಿನ ಗಾಳಿ 57 ಡಿಗ್ರಿ ಆಯಿತು ಅನ್ನು. 44.7 × 330 ÷ 300 ಅಂದರೆ ಸುಮಾರು 49.2. ಅದರಲ್ಲಿ 14.7 ಕಳೆ, ಮೀಟರು 34.5 ತೋರಿಸುತ್ತದೆ. ನೇರ 30ನ್ನೇ ಗುಣಿಸಿದ್ದರೆ 33 ಬರುತ್ತಿತ್ತು, ತಪ್ಪು.

ನಿನ್ನ ಹೋಂವರ್ಕಿನಲ್ಲಿ ಬರೀ "ಒತ್ತಡ" ಅಂತಿದ್ದರೆ ಅದು ಪೂರ್ತಿ ಒತ್ತಡವೇ, ಏನೂ ಕೂಡಿಸಬೇಡ. ಮೀಟರು, ಗೇಜು, ಟಯರು ಅಂತ ಬಂದರೆ ಮಾತ್ರ ಒಮ್ಮೆ ನಿಂತು ನೋಡು.